ತಿದಿ

ಕುಲುಮೆಯ ಬೆಂಕಿಗೆ ಗಾಳಿಯೂದುವ ತೊಗಲಿನ ಚೀಲ ತಿದಿ. ಅದನ್ನು ಆಡಿಸುವುದು ತಿದಿಯೊತ್ತುವುದು. ಕನ್ನಡ ತೆಲುಗು ಬೆರೆತ ಹಿಂದೂಪುರ, ಕಲ್ಯಾಣದುರ್ಗದ ಸೀಮೆಯಲ್ಲಿ ಇದರ ತೆಲುಗು ಜೋಡಿ ತಿತ್ತಿ, ಕುಲುಮೆಗೆ ಕೊಲಿಮಿ. ಕುಲುಮೆ, ಕೊಲಿಮಿ ಎರಡೂ ದ್ರಾವಿಡ ಬೇರಿನವೇ.

ಬೆಂಗಳೂರಿನ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ರೂಪಿಸಿದ ಕಾವೇರಿ ಜೆಟ್ ಎಂಜಿನ್ನಿನ ಕಂಪ್ರೆಸರನ್ನೂ ತಿದಿ ಎನ್ನಬಹುದೇ? ಅರೆಬರೆ ಒಪ್ಪುತ್ತದೆ, ಅಷ್ಟೇ. ತಿದಿ ಮುಖ್ಯವಾಗಿ ಉರಿಗೆ ಆಮ್ಲಜನಕ ಉಣಿಸುತ್ತದೆ. ಕಾವೇರಿಯಲ್ಲಾದರೋ ಗಾಳಿಯ ಒತ್ತಡ ಸುಮಾರು 21 ಪಟ್ಟು ಏರುತ್ತದೆ. ಹೊರಗಿನ ಒತ್ತಡದಲ್ಲೇ ಕಾಯಿಸಿದ ಗಾಳಿಗೆ ಟರ್ಬೈನನ್ನು ದೂಡುವ ಕಸುವಿಲ್ಲ. ಮೊದಲು ಒತ್ತಿ, ಆಮೇಲೆ ಕಾಯಿಸಿದರೆ, ಹಿಗ್ಗುವಾಗ ಅದು ಒತ್ತಲು ತಗುಲಿದ್ದಕ್ಕಿಂತ ಹೆಚ್ಚು ಕೆಲಸ ಕೊಡುತ್ತದೆ. ಟರ್ಬೈನು ಹಿಡಿದಿಟ್ಟುಕೊಂಡ ಪಾಲಿನಿಂದಲೇ ಕಂಪ್ರೆಸರು ತಿರುಗುತ್ತದೆ. ತಿದಿಯೊತ್ತಲು ಬೇರೆ ಆಳು ಬೇಕಿಲ್ಲ.