ಇರಾಕಿನ ಧ್ವಜ ಮತ್ತು ಮೂರು ನಕ್ಷತ್ರಗಳು

ಜೋರ್ಡಾನ್, ಪ್ಯಾಲೆಸ್ಟೈನ್, ಕುವೈತ್, ಇರಾಕ್ ದೇಶಗಳ ಧ್ವಜಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎಲ್ಲದರಲ್ಲೂ ಅದೇ ನಾಲ್ಕು ಬಣ್ಣಗಳು. ಕಪ್ಪು ಬಾಗ್ದಾದಿನ ಅಬ್ಬಾಸಿಗಳದು, ಬಿಳಿ ದಮಾಸ್ಕಸ್ಸಿನ ಉಮಯ್ಯದರದು, ಹಸಿರು ಫಾತಿಮಿಗಳದು, ಕೆಂಪು ಮೆಕ್ಕೆಯ ಹಾಶಿಮಿ ಮನೆತನದ್ದು ಎಂಬುದು ಪ್ರಚಲಿತ ವಿವರಣೆ. 1916ರಲ್ಲಿ ಷರೀಫ್ ಹುಸೇನ್ ತುರ್ಕರ ವಿರುದ್ಧ ಹೂಡಿದ ಬಂಡಾಯದ ಧ್ವಜದಲ್ಲಿ ಈ ನಾಲ್ಕೂ ಒಂದಾದವು. ಆ ಧ್ವಜವನ್ನು ರೂಪಿಸಿದ ಶ್ರೇಯಸ್ಸನ್ನು ಹಲವರು ಬ್ರಿಟನ್ನಿನ ಮಾರ್ಕ್ ಸೈಕ್ಸ್‌ಗೆ ಸಲ್ಲಿಸುತ್ತಾರೆ. ಅರಬ್ ನಾಡುಗಳನ್ನು ಫ್ರಾನ್ಸಿನೊಡನೆ ಹಂಚಿಕೊಳ್ಳುವ ಗುಟ್ಟಿನ ಒಪ್ಪಂದದ ಹಿಂದಿದ್ದವನೂ ಇದೇ ಸೈಕ್ಸ್.

ಹುಸೇನನ ಮಗ ಫೈಸಲ್ 1921ರಲ್ಲಿ ಇರಾಕಿನ ಅರಸನಾದಾಗ ಈ ಬಣ್ಣಗಳೂ ಅಲ್ಲಿಗೆ ಬಂದವು. 1958ರ ಕ್ರಾಂತಿ ಅರಸೊತ್ತಿಗೆಯನ್ನು ಕೊನೆಗಾಣಿಸಿತು. ಮರುವರ್ಷ ಅಬ್ದುಲ್ ಕರೀಂ ಖಾಸಿಮ್ ತಂದ ಧ್ವಜದ ನಡುವೆ ಕೆಂಪು ನಕ್ಷತ್ರವಿತ್ತು, ಅದರೊಳಗೆ ಕುರ್ದರ ಹಳದಿ ಸೂರ್ಯನಿದ್ದ. ಆ ಧ್ವಜ ಬಾಳಿದ್ದು ನಾಲ್ಕೇ ವರ್ಷ.

1963ರಲ್ಲಿ ಈಜಿಪ್ಟ್, ಸಿರಿಯಾ ಮತ್ತು ಇರಾಕ್ ಒಂದೇ ರಾಷ್ಟ್ರವಾಗಲು ಒಪ್ಪಿದವು. ಇರಾಕು ಕೆಂಪು, ಬಿಳಿ, ಕಪ್ಪು ಪಟ್ಟಿಗಳ ನಡುವೆ ಮೂರು ಹಸಿರು ನಕ್ಷತ್ರಗಳನ್ನು ಕೂರಿಸಿತು. ಐಕ್ಯ ಕೈಗೂಡಲಿಲ್ಲ, ನಕ್ಷತ್ರಗಳು ಮಾತ್ರ ಉಳಿದವು. ನಡೆಯದ ಮದುವೆಯ ಲಗ್ನಪತ್ರಿಕೆಯನ್ನು ಗೋಡೆಗೆ ತೂಗುಹಾಕಿದಂತಿತ್ತು ಅದು. ಮುಂದೆ ಸದ್ದಾಂ ಹುಸೇನ್ ಆಳ್ವಿಕೆಯಲ್ಲಿ ಅವುಗಳಿಗೆ ಬಾತ್ ಪಕ್ಷದ ಐಕ್ಯ, ಸ್ವಾತಂತ್ರ್ಯ, ಸಮಾಜವಾದಗಳೆಂಬ ಹೊಸ ಅರ್ಥ ಹಚ್ಚಲಾಯಿತು. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ಹೊಸ್ತಿಲಲ್ಲಿ, ನಕ್ಷತ್ರಗಳ ನಡುವೆ 'ಅಲ್ಲಾಹು ಅಕ್ಬರ್' ಎಂಬ ಬರಹ ಸೇರಿತು. ಅದು ಸದ್ದಾಮನದೇ ಕೈಬರಹವೆಂದು ಪ್ರತೀತಿ.

ಸದ್ದಾಂ ಪದಚ್ಯುತನಾದ ಮೇಲೆ, 2004ರ ಏಪ್ರಿಲಿನಲ್ಲಿ, ಅಮೆರಿಕ ನೇಮಿಸಿದ ಆಡಳಿತ ಮಂಡಳಿ ವಾಸ್ತುಶಿಲ್ಪಿ ರಿಫತ್ ಚಾದಿರ್ಜಿಯ ವಿನ್ಯಾಸವನ್ನು ಪ್ರಕಟಿಸಿತು. ಚಾದಿರ್ಜಿ ಸಾಮಾನ್ಯನಲ್ಲ. ಬಾತ್ ಆಡಳಿತ ಅವನನ್ನು ಸೆರೆಗೆ ತಳ್ಳಿ, ಬಾಗ್ದಾದಿನಲ್ಲಿ ನಡೆಯಬೇಕಿದ್ದ ಅಲಿಪ್ತ ರಾಷ್ಟ್ರಗಳ ಸಮ್ಮೇಳನಕ್ಕೆ ನಗರವನ್ನು ಸಿಂಗರಿಸಲೆಂದೇ ಹೊರತಂದಿತ್ತು. ಇರಾನ್ ಯುದ್ಧದಿಂದಾಗಿ ಆ ಸಮ್ಮೇಳನ 1983ರಲ್ಲಿ ನಮ್ಮ ದೆಹಲಿಯಲ್ಲಿ ನಡೆಯಿತು. ಅವನು ರೂಪಿಸಿದ ಬಿಳಿ ಧ್ವಜದಲ್ಲಿ ತಿಳಿನೀಲಿ ಅರ್ಧಚಂದ್ರ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳಿಗೆ ಎರಡು ನೀಲಿ ಪಟ್ಟಿಗಳು, ಅವುಗಳ ನಡುವೆ ಕುರ್ದರಿಗೆ ಒಂದು ಹಳದಿ ಪಟ್ಟಿ ಇದ್ದವು. ಆಶಯ ಉದಾತ್ತವಾಗಿತ್ತು. ಆದರೆ ಜನರಿಗೆ ಕಂಡದ್ದು ಇಸ್ರೇಲಿನ ಧ್ವಜದ ಬಿಳಿ-ನೀಲಿ. ನೀಲಿಯನ್ನು ಗಾಢಗೊಳಿಸಿದರೂ ಕೋಪ ತಣಿಯಲಿಲ್ಲ. ಧ್ವಜ ಮೂಲೆಗೆ ಸರಿಯಿತು. ಸದ್ದಾಮನ ಧ್ವಜವೇ ಮರಳಿತು, ಕೈಬರಹದ ಬದಲು ಕೂಫಿ ಲಿಪಿ ಹೊತ್ತು.

ಅಷ್ಟು ಬದಲಾವಣೆ ಕುರ್ದರಿಗೆ ಸಾಲಲಿಲ್ಲ. 1988ರಲ್ಲಿ ಹಲಬ್ಜಾದ ಮೇಲೆ ವಿಷಾನಿಲ ಸುರಿದದ್ದು ಆ ನಕ್ಷತ್ರಗಳ ಧ್ವಜದಡಿಯ ಸೇನೆ. 2006ರಲ್ಲಿ ಮಸೂದ್ ಬರ್ಜಾನಿ ಕುರ್ದಿಸ್ತಾನದ ಸರ್ಕಾರಿ ಕಟ್ಟಡಗಳ ಮೇಲೆ ಅದನ್ನು ಹಾರಿಸಕೂಡದೆಂದು ಆಜ್ಞಾಪಿಸಿದ. ಖಾಸಿಮ್ ಕಾಲದ ಧ್ವಜಕ್ಕೆ ಅವನ ಅಭ್ಯಂತರವಿರಲಿಲ್ಲ. ಕೊನೆಗೆ 2008ರ ಜನವರಿಯಲ್ಲಿ ಸಂಸತ್ತು ನಕ್ಷತ್ರಗಳನ್ನು ತೆಗೆದುಹಾಕಿತು.

ಅಳಿಸಿದ್ದು ಮೂರು ಚುಕ್ಕೆಗಳನ್ನಷ್ಟೇ. ಆದರೆ ಅದರಿಂದ ಎರ್ಬಿಲ್ಲಿನಲ್ಲಿ ದೇಶದ ಧ್ವಜ ಮತ್ತೆ ಏರಲು ಸಾಧ್ಯವಾಯಿತು. ಧ್ವಜದಲ್ಲಿ ಏನನ್ನು ಬರೆಯಬೇಕೆಂಬುದರ ಬಗ್ಗೆ ಇರಾಕಿಗಳಲ್ಲಿ ಒಮ್ಮತ ಮೂಡಿರಲಿಲ್ಲ. ಏನನ್ನು ಅಳಿಸಬೇಕೆಂಬುದಕ್ಕೆ ಹೇಗೋ ಒಪ್ಪಿದರು. ಒಂದು ವರ್ಷದ ಮಟ್ಟಿಗೆ, ತಾತ್ಕಾಲಿಕವಾಗಿ ಎಂದು ಅಂಗೀಕರಿಸಿದ ಆ ಧ್ವಜವೇ ಇಂದಿಗೂ ಹಾರುತ್ತಿದೆ.