ಬೀಚ್ ಮಿಷನ್
ಶಾಲಾ ರಜೆಯಲ್ಲಿ ಕಡಲತೀರಕ್ಕೆ ಬರುವ ಮಕ್ಕಳಿಗಾಗಿ ಕ್ರೈಸ್ತ ಸ್ವಯಂಸೇವಕರ ತಂಡಗಳು ನಡೆಸುವ ಆಟ, ಹಾಡು, ಬೈಬಲ್ ಕಥೆಗಳ ಕಾರ್ಯಕ್ರಮ. 1868ರಲ್ಲಿ ವೇಲ್ಸ್‌ನ ಲಾಂಡಡ್ನೊ ತೀರದಲ್ಲಿ ಜೋಸಯ್ಯ ಸ್ಪಿಯರ್ಸ್ ಮರಳಿನ ಮೇಲೆ ಬೈಬಲಿನ ಪುಟ್ಟ ವಾಕ್ಯವೊಂದನ್ನು ಬರೆದು, ಅದನ್ನು ಚಿಪ್ಪು, ಕಲ್ಲುಗಳಿಂದ ಸಿಂಗರಿಸಲು ಮಕ್ಕಳನ್ನು ಕರೆದರು. ಈ ಪದ್ಧತಿ ಬೆಳೆದದ್ದು ಅಲ್ಲಿಂದ. ಹಿಂದಿನ ವರ್ಷ ಲಂಡನ್ನಿನಲ್ಲಿ ಅವರು ಆರಂಭಿಸಿದ್ದ ಮಕ್ಕಳ ಕೂಟವೇ ಮುಂದೆ ಸ್ಕ್ರಿಪ್ಚರ್ ಯೂನಿಯನ್ ಎಂಬ ಕ್ರೈಸ್ತ ಸಂಸ್ಥೆಯಾಯಿತು. ಆಸ್ಟ್ರೇಲಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ತಂಡಗಳು ಕ್ಯಾರವಾನ್ ಪಾರ್ಕುಗಳಲ್ಲಿ ಬೀಡುಬಿಡುತ್ತವೆ. ಸ್ವಯಂಸೇವಕರು ತಮ್ಮ ಸ್ವಂತ ರಜೆಯನ್ನೇ ಕೊಡುತ್ತಾರೆ. ಕಥೆ ಹೇಳುವವರಷ್ಟೇ ಅಡುಗೆ ಮಾಡುವವರೂ ಇಲ್ಲಿ ಮುಖ್ಯ. ಅಲ್ಲಿ ವಯಸ್ಕ ಸ್ವಯಂಸೇವಕರಿಗೆ ಸರ್ಕಾರದ ಹಿನ್ನೆಲೆ ತಪಾಸಣೆ ಕಡ್ಡಾಯ. ಮಕ್ಕಳ ಸುರಕ್ಷತೆಯ ಮಾತು ಬಂದಾಗ ಇದರಲ್ಲಿ ರಿಯಾಯಿತಿ ಸಲ್ಲದು. ಕರ್ನಾಟಕದ ಅನೇಕ ಚರ್ಚುಗಳಲ್ಲಿ ಬೇಸಿಗೆ ರಜೆಯಲ್ಲಿ ನಡೆಯುವ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಬೀಚ್ ಮಿಷನ್ ಅನ್ನು ಹೋಲುತ್ತದೆ, ಅದರ ಮೂಲ ಅಮೆರಿಕ.