ಸ್ಕೌಟ್ ಚಳವಳಿ: ಹುಡುಗರಿಗೆ ಹೊಣೆ ಕೊಟ್ಟ ಪ್ರಯೋಗ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ನಗರಗಳ ಬೀದಿ ಹುಡುಗರನ್ನು ಅನೇಕರು ಪುಂಡರೆಂದೇ ಕಾಣುತ್ತಿದ್ದರು. 1907ರ ಆಗಸ್ಟ್‌ನಲ್ಲಿ ಸೇನಾಧಿಕಾರಿ ರಾಬರ್ಟ್ ಬೇಡನ್ ಪೊವೆಲ್ ಅವರು ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಬಾಲಕರ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳು, ದುಡಿಯುವವರ ಮಕ್ಕಳು ಎಲ್ಲರೂ ಅಲ್ಲಿ ಒಂದಾಗಿದ್ದರು. ಅವರನ್ನು 4 ತುಕಡಿಗಳಾಗಿ ವಿಂಗಡಿಸಿ, ಪ್ರತಿ ತುಕಡಿಗೂ ಅವರಲ್ಲೇ ಒಬ್ಬ ಹುಡುಗನನ್ನು ನಾಯಕನನ್ನಾಗಿ ಮಾಡಲಾಯಿತು. ಶಿಸ್ತು ಕಾಪಾಡುವ ಹೊಣೆ ಆ ನಾಯಕನದೇ. ಸ್ಕೌಟ್ ಪದ್ಧತಿಯ ತಿರುಳು ಇಂದಿಗೂ ಇದೇ.

ಭಾರತದಲ್ಲಿ ಮೊದಲ ಸ್ಕೌಟ್ ದಳ ಆರಂಭವಾದದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆದರೆ ಅದು ಐರೋಪ್ಯ ಹಾಗೂ ಆಂಗ್ಲೋ ಇಂಡಿಯನ್ ಬಾಲಕರಿಗೆ ಮೀಸಲಾಗಿತ್ತು. ಭಾರತೀಯ ಹುಡುಗರನ್ನು ಹೊರಗಿಟ್ಟ ಈ ಧೋರಣೆಗೆ ಉತ್ತರವಾಗಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಅವರು ಭಾರತೀಯ ಬಾಲಕರಿಗಾಗಿಯೇ ಸ್ಕೌಟ್ ಸಂಘ ಕಟ್ಟಿದರು. ಸ್ವಾತಂತ್ರ್ಯಾನಂತರ ಬೇರೆ ಬೇರೆ ಸಂಘಗಳು ಒಂದಾಗಿ, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ರೂಪುಗೊಂಡಿತು.

ಹದಿಹರೆಯದ ಮಗನನ್ನು ಸಂಶಯದಿಂದ ಕಾಣುವುದು ಸುಲಭ. ಚಿಕ್ಕದಾದರೂ ಪೂರ್ಣವಾದ ಒಂದು ಹೊಣೆಯನ್ನು ಅವನಿಗೆ ಒಪ್ಪಿಸಲು ಹಿರಿಯರಿಗೇ ಧೈರ್ಯ ಬೇಕು.